ಬೀಜದ ಬಂಡಿ: ಜಹೀರಾಬಾದಿನ ಹಳೆ ಬೆಳೆಗಳ ಜಾತ್ರೆ

ಜಹೀರಾಬಾದ್ ಅಂದರೆ ಹೈದರಾಬಾದಿನಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು. ಬೀದರಿನಿಂದ ಸುಮಾರು 30 ಕಿಲೋಮೀಟರ್. ಟ್ರ್ಯಾಕ್ಟರ್ ತಯಾರಿಸುವ ದೊಡ್ಡ ಕಾರ್ಖಾನೆಯೊಂದು ಅಲ್ಲಿದೆ. ಅದೇ ಸೀಮೆಯ ಹಳ್ಳಿ ರಸ್ತೆಗಳಲ್ಲಿ, ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಬಂಡಿಗಳ ಸಾಲೊಂದು ಹೊರಡುತ್ತದೆ. ಎತ್ತುಗಳಿಗೆ ಸಿಂಗಾರ, ಬಂಡಿಗೆ ಜೋಳದ ತೆನೆ, ಹಸಿರು ಸೊಪ್ಪು. ಮುಂದೆ ಡಪ್ಪು ಬಾರಿಸುವವರು, ಹಿಂದೆ ಹಾಡು ಹೇಳುವ ಹೆಂಗಸರು. ನೋಡಿದರೆ ಯಾವುದೋ ಊರಮ್ಮನ ಮೆರವಣಿಗೆ ಅನ್ನಿಸುತ್ತದೆ. ಆದರೆ ಬಂಡಿಯಲ್ಲಿ ದೇವರ ಮೂರ್ತಿ ಇರುವುದಿಲ್ಲ. ಬಿದಿರಿನ ಬುಟ್ಟಿ, ಮಣ್ಣಿನ ಮಡಕೆ ಇರುತ್ತವೆ. ಅವುಗಳ ತುಂಬ ಬೀಜ.

ಬಿಳಿಜೋಳ, ಹಳದಿ ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ. ತೊಗರಿಯಲ್ಲೇ ಬಿಳಿದು, ಕೆಂಪು, ಕರಿದು. ಹೆಸರು, ಉದ್ದು, ಅಲಸಂದಿ, ಹುರುಳಿ, ಮಡಿಕೆ ಕಾಳು, ಅಗಸಿ, ಗುರೆಳ್ಳು, ಕುಸುಬಿ, ಪುಂಡಿ. ಒಟ್ಟು 70, 80 ಬಗೆ. ಈ ಬಂಡಿಗಳು ಸುಮಾರು ಒಂದು ತಿಂಗಳು ಊರಿಂದ ಊರಿಗೆ ಹೋಗುತ್ತವೆ. ಐವತ್ತು ಅರವತ್ತು ಹಳ್ಳಿ ಸುತ್ತಿದ ವರ್ಷಗಳೂ ಇವೆ. ಫೆಬ್ರುವರಿ ಮಧ್ಯದಲ್ಲಿ ಮಾಚನೂರು ಅನ್ನುವ ಹಳ್ಳಿಯಲ್ಲಿ ಜಾತ್ರೆ ಮುಗಿಯುತ್ತದೆ. ತೆಲುಗಿನಲ್ಲಿ ಇದಕ್ಕೆ ಪಾತ ಪಂಟಲ ಜಾತರ ಅಂತಾರೆ. ಹಳೆ ಬೆಳೆಗಳ ಜಾತ್ರೆ.

ಇದನ್ನು ನಡೆಸುವುದು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ, ಅಂದರೆ ಡಿಡಿಎಸ್, ಮತ್ತು ಅದರ ಜೊತೆಗಿರುವ ಹಳ್ಳಿ ಹೆಂಗಸರ ಸಂಘಗಳು. ಸುಮಾರು 75 ಹಳ್ಳಿ, 5,000ದಷ್ಟು ಹೆಂಗಸರು. ಅವರಲ್ಲಿ ಬಹುಪಾಲು ದಲಿತರು. ಜಾತ್ರೆ ಶುರುವಾಗಿ ಕಾಲು ಶತಮಾನದ ಹತ್ತಿರವಾಯಿತು.

ಆಹಾರ ಮೇಳಗಳಿಗೆ ಈಗ ಬರ ಇಲ್ಲ. ಬೆಂಗಳೂರಿನಲ್ಲಿ ಅವರೆಕಾಯಿ ಮೇಳ, ಸಿರಿಧಾನ್ಯ ಮೇಳ, ಹಲಸಿನ ಮೇಳ, ವಾರಕ್ಕೊಂದು. ಹೋಗುತ್ತೇವೆ, ತಿನ್ನುತ್ತೇವೆ, ಫೋಟೋ ಹಾಕುತ್ತೇವೆ, ಬರುತ್ತೇವೆ. ತಪ್ಪೇನಿಲ್ಲ. ಆದರೆ ಊಟ, ಪರಂಪರೆ, ನ್ಯಾಯ ಈ ಮೂರನ್ನೂ ಒಂದೇ ಬಂಡಿಗೆ ಕಟ್ಟುವುದು ಹೇಗೆ ಅಂತ ತಿಳಿಯಬೇಕಾದರೆ ಜಹೀರಾಬಾದಿನ ಕಡೆಗೆ ನೋಡಬೇಕು. ಅಲ್ಲಿ ಜಾತ್ರೆ ಶುರುವಾಗುವ ಮೊದಲು ಹದಿನೈದು ಹದಿನಾರು ವರ್ಷ ಬೇರೆಯೇ ಕೆಲಸ ನಡೆದಿತ್ತು. ಈ ಬರಹದಲ್ಲಿ ಆ ಕೆಲಸಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಎರಡು ರೂಪಾಯಿ ಅಕ್ಕಿ

ಮೊದಲು ಊರಿನ ವಿಷಯ. 1956ರ ತನಕ ಜಹೀರಾಬಾದ್ ನಮ್ಮ ಬೀದರ್ ಜಿಲ್ಲೆಯದ್ದೇ ತಾಲ್ಲೂಕು. ರಾಜ್ಯಗಳು ಭಾಷೆಯ ಪ್ರಕಾರ ಹಂಚಿಕೆಯಾದಾಗ ಅದು ಮೆದಕ್ ಜಿಲ್ಲೆಗೆ ಹೋಯಿತು. 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯಾಯಿತು. ಗೆರೆ ಎಳೆದರೂ ನಂಟು ಹೋಗಲಿಲ್ಲ. ಝರಾಸಂಗಂನ ಕೇತಕಿ ಸಂಗಮೇಶ್ವರನಿಗೆ ಇವತ್ತಿಗೂ ಕರ್ನಾಟಕದಿಂದ ಜನ ಹೋಗುತ್ತಾರೆ. ಅಲ್ಲಿಯ ರೊಟ್ಟಿ ನಮ್ಮ ರೊಟ್ಟಿ. ಅಲ್ಲಿಯ ಬರವೂ ನಮ್ಮ ಬರ.

ಮಳೆ ನಂಬಿದ ಸೀಮೆ ಅದು. ಮುಂಗಾರಿಗೆ ಒಂದು ಹೊಲದಲ್ಲೇ ಹತ್ತಿಪ್ಪತ್ತು ಬೆಳೆ ಸೇರಿಸಿ ಬಿತ್ತುವುದು ಹಳೆ ಪದ್ಧತಿ. ಹಳೆ ಮೈಸೂರಿನವರು ಅಕ್ಕಡಿ ಅನ್ನುವುದನ್ನು ಹೋಲುತ್ತದೆ. ಹೆಸರು ಮೊದಲು ಕೊಯ್ಲಿಗೆ ಬರುತ್ತದೆ, ಆಮೇಲೆ ನವಣೆ, ಆಮೇಲೆ ಜೋಳ, ಕೊನೆಗೆ ತೊಗರಿ. ಒಂದಕ್ಕೆ ಮಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬಿ. ಅವು ಬೆಳೆಯುವುದು ನೆಲದಲ್ಲಿ ಉಳಿದ ಹಸಿಯ ಮೇಲೆ, ಇಬ್ಬನಿಯ ಮೇಲೆ. ಅಂಥ ಬೆಳೆಗೆ ಅಲ್ಲಿಯ ಹೆಂಗಸರು ಸತ್ಯಂ ಪಂಟಲು ಅಂತ ಹೆಸರಿಟ್ಟಿದ್ದಾರೆ. ನೀರು ಕೊಡದೆ, ಗೊಬ್ಬರ ಕೊಳ್ಳದೆ, ಸತ್ಯದ ಮೇಲೇ ನಿಂತು ಬರುವ ಬೆಳೆ ಅಂತ. ಇಂಥ ಹೆಸರು ಆಫೀಸಿನಲ್ಲಿ ಕೂತು ಇಡಲಿಕ್ಕೆ ಆಗೋದಿಲ್ಲ.

1983ರಲ್ಲಿ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಬಂತು. ಕಿಲೋಗೆ ಎರಡು ರೂಪಾಯಿಯ ಅಕ್ಕಿ ಬಂತು. ಹಸಿದವರಿಗೆ ಅದು ದೊಡ್ಡ ಆಸರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಣಭೂಮಿಯ ಹಳ್ಳಿಗಳಲ್ಲಿ ಅದಕ್ಕೆ ಇನ್ನೊಂದು ಮುಖವೂ ಇತ್ತು. ದೂರದ ನೀರಾವರಿ ಜಿಲ್ಲೆಯ ಅಕ್ಕಿ ಅಷ್ಟು ಅಗ್ಗಕ್ಕೆ ರೇಷನ್ ಅಂಗಡಿಯಲ್ಲಿ ಸಿಗುವಾಗ, ಕಲ್ಲು ಹೊಲದಲ್ಲಿ ಮೈ ಮುರಿದು ಜೋಳ ಬೆಳೆಯುವವರು ಯಾರು? ಹೊಲ ಪಡ ಬಿತ್ತು. ಜೋಳ ಹೋದ ಕಡೆ ಜೋಳದ ಕಣಿಕೆ ಹೋಯಿತು. ಕಣಿಕೆ ಇಲ್ಲದೆ ಎತ್ತು ಸಾಕುವುದು ಕಷ್ಟ. ಎತ್ತು ಹೋದರೆ ಗೊಬ್ಬರ ಹೋಯಿತು. ಎರಡು ರೂಪಾಯಿಯ ಅಕ್ಕಿಯ ಹಿಂದೆ ಇಷ್ಟೊಂದು ಕಳಚಿಕೊಳ್ಳುತ್ತದೆ ಅಂತ ಆಗ ಲೆಕ್ಕ ಹಾಕಿದವರು ಕಡಿಮೆ.

ದಲಿತ ಕುಟುಂಬಗಳ ಕೈಯಲ್ಲಿ ನೆಲವೇ ಇರಲಿಲ್ಲ ಅಂತಲ್ಲ. ಸರ್ಕಾರ ಹಂಚಿದ ಭೂಮಿ ಒಂದು ಎಕರೆ, ಎರಡು ಎಕರೆ ಇತ್ತು. ಕಾಗದದ ಮೇಲೆ ಭೂಮಿ, ಹೋಗಿ ನೋಡಿದರೆ ಕಲ್ಲು. ಮೇಲ್ಮಣ್ಣು ಗೇಣುದ್ದ ಇಲ್ಲ. ಉಳುಮೆಗೆ ಎತ್ತಿಲ್ಲ, ಬೀಜ ಇಲ್ಲ. ಹಾಗಾಗಿ ಪಟೇಲರ ಹೊಲಕ್ಕೆ ಕೂಲಿ. ಬಿತ್ತುವ ಕಾಲಕ್ಕೆ ಬೀಜ ಬೇಕಾದರೆ ದೊಡ್ಡವರ ಬಾಗಿಲ ಮುಂದೆ ನಿಲ್ಲಬೇಕು. ತೆಗೆದುಕೊಂಡದ್ದಕ್ಕೆ ಬಡ್ಡಿ ಸೇರಿಸಿ ಕೊಡಬೇಕು.

ಡಿಡಿಎಸ್ ಹುಟ್ಟಿದ್ದೂ ಅದೇ 1983ರಲ್ಲಿ, ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ. ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್. ಪೆರಿಯಾಪಟ್ಣ ವೆಂಕಟಸುಬ್ಬಯ್ಯ ಸತೀಶ್. ಹೆಸರಿನಲ್ಲೇ ಊರಿದೆ ನೋಡಿ. ಮೈಸೂರಿನಲ್ಲಿ ಹುಟ್ಟಿದವರು. ದೂರದರ್ಶನದಲ್ಲಿ ಕಾರ್ಯಕ್ರಮ ತಯಾರಿಸುತ್ತಿದ್ದವರು. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸಿದ ಸೈಟ್ ಪ್ರಯೋಗದ ಕಾಲದಿಂದ ಹಳ್ಳಿ ನೋಡಿದವರು. ಆ ಅನುಭವ ಮುಂದೆ ಬೇರೆ ರೀತಿಯಲ್ಲಿ ಕೆಲಸಕ್ಕೆ ಬಂತು. ಅದಕ್ಕೆ ಆಮೇಲೆ ಬರುತ್ತೇನೆ.

ಬಡವರು ಯಾರು ಅಂತ ಊರೇ ಹೇಳಿತು

ಸಂಘದ ಹೆಂಗಸರು ಮೊದಲು ಮಾಡಿದ್ದು ನೆಲದ ಕೆಲಸ. ಬೇಸಿಗೆಯಲ್ಲಿ ಕೂಲಿ ಇಲ್ಲದ ದಿನಗಳಲ್ಲಿ ತಮ್ಮದೇ ಹೊಲದ ಕಲ್ಲು ಆರಿಸಿದರು, ಬದು ಹಾಕಿದರು. ಅದಕ್ಕೆ ಕೂಲಿ ಸಿಗುವ ಹಾಗೆ ಡಿಡಿಎಸ್ ವ್ಯವಸ್ಥೆ ಮಾಡಿತು. ನೆಲ ಇಲ್ಲದವರು ಗುಂಪು ಕಟ್ಟಿಕೊಂಡು ಗುತ್ತಿಗೆಗೆ ಹೊಲ ಹಿಡಿದರು. ಆಮೇಲೆ 1990ರ ದಶಕದ ಮಧ್ಯದಲ್ಲಿ ಬಂದದ್ದು ಊರ ಧಾನ್ಯ ನಿಧಿ.

ಇದರ ಲೆಕ್ಕ ಸರಳ. ಪಡ ಬಿದ್ದ ಹೊಲ ಇರುವವರಿಗೆ ಉಳುಮೆಗೆ, ಗೊಬ್ಬರಕ್ಕೆ, ಬೀಜಕ್ಕೆ ಸಾಲ. ಸಾಲವನ್ನು ರೊಕ್ಕದಲ್ಲಿ ತೀರಿಸಬೇಕಿಲ್ಲ. ಕೆಲವು ವರ್ಷ ಸುಗ್ಗಿಯಲ್ಲಿ ಇಷ್ಟು ಅಂತ ಜೋಳ ಅಳೆದರೆ ಆಯ್ತು. ಆ ಜೋಳ ಊರಲ್ಲೇ ಉಳಿಯುತ್ತದೆ. ಮಳೆಗಾಲ ಶುರುವಾಗಿ ಹಳೆ ಕಾಳು ಖಾಲಿಯಾಗಿ ಹೊಸದು ಬಾರದಿರುವ ಆಷಾಢ, ಶ್ರಾವಣದ ದಿನಗಳಲ್ಲಿ, ಊರಿನ ಬಡವರಿಗೆ ಪೇಟೆಗಿಂತ ಅಗ್ಗದ ಬೆಲೆಗೆ ಅದನ್ನು ಕೊಡುತ್ತಾರೆ. ಇದೂ ರೇಷನ್ನೇ. ಆದರೆ ಬೆಳೆದದ್ದು ಊರಲ್ಲಿ, ಕೂಡಿಟ್ಟದ್ದು ಊರಲ್ಲಿ, ತಿಂದದ್ದೂ ಊರಲ್ಲಿ. ಲೆಕ್ಕ ನೋಡಿದವರು ಹೆಂಗಸರು.

ಬಡವರು ಯಾರು ಅನ್ನುವುದನ್ನು ತೀರ್ಮಾನ ಮಾಡಿದ ರೀತಿ ನನಗೆ ತುಂಬಾ ಹಿಡಿಸಿತು. ತಹಸೀಲ್ದಾರರ ಕಚೇರಿಯ ಪಟ್ಟಿ ತರಲಿಲ್ಲ. ಊರ ನಡುವೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿದರು. ಪ್ರತಿ ಮನೆಗೂ ಒಂದು ಗುರುತು. ಎಲ್ಲರೂ ಕೂತು, ಈ ಮನೆ ಯಾವ ದರ್ಜೆ ಅಂತ ಮಾತಾಡಿದರು. ಹೊಲ ಎಷ್ಟಿದೆ ಅನ್ನುವುದೊಂದೇ ಪ್ರಶ್ನೆಯಲ್ಲ. ದುಡಿಯುವವರು ಎಷ್ಟು ಜನ, ಗಂಡ ಇಲ್ಲದವಳಾ, ಮನೆಯಲ್ಲಿ ರೋಗಿಷ್ಟರು ಇದ್ದಾರಾ, ಎಲ್ಲ ಲೆಕ್ಕಕ್ಕೆ ಬಂತು. ತೀರಾ ಬಡವರಿಗೆ ಜಾಸ್ತಿ ಪಾಲು, ಸ್ವಲ್ಪ ಪರವಾಗಿಲ್ಲ ಅನ್ನುವವರಿಗೆ ಕಡಿಮೆ. ಎಲ್ಲರೆದುರು ಮಾತಾಡುವಾಗ ಸುಳ್ಳು ಹೇಳುವುದು ಕಷ್ಟ. ಪಕ್ಕದ ಮನೆಯವಳಿಗೆ ನಿಮ್ಮ ಮನೆಯ ಹಿಟ್ಟಿನ ಡಬ್ಬಿ ಎಷ್ಟು ಖಾಲಿ ಅಂತ ಗೊತ್ತಿರುತ್ತದೆ, ಅಲ್ವಾ?

ಬುಟ್ಟಿ ಯಾರ ಮನೆಯಲ್ಲಿದೆ

ಬೀಜದ ಕೆಲಸವೂ ಇದರ ಜೊತೆಗೇ ಬೆಳೆಯಿತು. ಬೀಜ ಕಾಯುವುದು ಅಲ್ಲಿ ಹೆಂಗಸರ ವಿದ್ಯೆ. ಹೊಲದಲ್ಲಿ ನಿಂತ ಪೈರಲ್ಲೇ ಗಟ್ಟಿ ತೆನೆ ಗುರುತಿಟ್ಟು ಬೇರೆ ತೆಗೆಯುತ್ತಾರೆ. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ಬುಟ್ಟಿಗೆ ತುಂಬುತ್ತಾರೆ. ಬುಟ್ಟಿಯ ಒಳಗೂ ಹೊರಗೂ ಸಗಣಿ ಮಣ್ಣು ಸಾರಿಸಿರುತ್ತಾರೆ. ಮೇಲೆ ಬಾಯಿ ಮುಚ್ಚಿ ಮತ್ತೆ ಮೆತ್ತುತ್ತಾರೆ. ಹುಳ ಬೀಳೋದಿಲ್ಲ. ನಮ್ಮ ಅಜ್ಜಿಯರೂ ಹೀಗೇ ಇಡುತ್ತಿದ್ದರು. ಆ ಬುಟ್ಟಿಗಳು ಈಗ ನಮ್ಮ ಕಡೆ ರೆಸಾರ್ಟಿನ ಗೋಡೆಗೆ ಬಂದಿವೆ.

ಬೀಜ ಬೇಕಾದವರು ಸಂಘದಿಂದ ಒಯ್ಯಬಹುದು. ದುಡ್ಡು ಬೇಡ. ಸುಗ್ಗಿಯಲ್ಲಿ ಒಯ್ದದ್ದಕ್ಕಿಂತ ಜಾಸ್ತಿ ಅಳೆದು ಕೊಡಬೇಕು, ಅಷ್ಟೇ. ಪೇಟೆಯಿಂದ ಹೈಬ್ರಿಡ್ ತಂದು ತಂದು ಮನೆಬೀಜ ಕಳೆದುಕೊಂಡ ದೊಡ್ಡ ರೈತರಿಗೂ ಬರಬರುತ್ತಾ ನಾಟಿ ಬೀಜ ಬೇಕಾಯಿತು. ಅದು ಸಿಗುವುದು ಎಲ್ಲಿ? ದಲಿತ ಕೇರಿಯಲ್ಲಿ. ಒಂದು ಕಾಲಕ್ಕೆ ಯಾರ ಅಂಗಳದ ಆಚೆ ನಿಂತು ಕೈಚಾಚುತ್ತಿದ್ದರೋ, ಅವರೇ ಈಗ ಕೇಳಿಕೊಂಡು ಬರುತ್ತಾರೆ ಅಂತ ಆ ಹೆಂಗಸರು ಹೇಳುತ್ತಾರೆ. ಹೇಳುವಾಗ ಅವರ ಮಾತಿನಲ್ಲಿ ಸೇಡು ಇರೋದಿಲ್ಲ. ಜಂಬ ಇರುತ್ತದೆ. ಇರಲಿ ಬಿಡಿ.

ಈ ಪ್ರಕರಣದ ತಿರುಳು ನನಗೆ ಇಲ್ಲೇ ಕಾಣುತ್ತದೆ. ಜಾತ್ರೆಯಲ್ಲಿ ಮೆರೆಯುವ ಬುಟ್ಟಿ ಈಗಾಗಲೇ ಅವರದಾಗಿತ್ತು. ಯಾರೋ ಸಂಘಟಕರು ಬಂದು ಬುಟ್ಟಿ ಕೊಟ್ಟು, ಸೀರೆ ಉಡಿಸಿ, ಬಂಡಿಯ ಮೇಲೆ ಕೂರಿಸಿದ್ದಲ್ಲ. ಮೊದಲು ನೆಲ, ಆಮೇಲೆ ಕಾಳು, ಆಮೇಲೆ ಬೀಜ, ಕೊನೆಗೆ ಜಾತ್ರೆ. ಈ ಸರದಿ ತಿರುಗಿಸಿದರೆ ಉಳಿಯುವುದು ಫುಡ್ ಫೆಸ್ಟಿವಲ್.

ಜಾತ್ರೆಯ ದಿನ

ಜಾತ್ರೆ ರೂಪ ಪಡೆದದ್ದು 2000ದ ಆಸುಪಾಸಿನಲ್ಲಿ. ಆಗ ದೇಶದ ಜೀವವೈವಿಧ್ಯಕ್ಕೆ ಒಂದು ಕಾರ್ಯಯೋಜನೆ ಬರೆಯುವ ಕೆಲಸ ಕೇಂದ್ರ ಪರಿಸರ ಸಚಿವಾಲಯದಿಂದ ಶುರುವಾಗಿತ್ತು. ಕಲ್ಪವೃಕ್ಷ ಅನ್ನುವ ಪರಿಸರ ಸಂಸ್ಥೆ ಅದನ್ನು ಜೋಡಿಸುತ್ತಿತ್ತು. ದಖ್ಖನಿನ ಭಾಗದ ಕೆಲಸ ಡಿಡಿಎಸ್‌ಗೆ ಬಂತು. ಸಾಮಾನ್ಯವಾಗಿ ಇಂಥದ್ದು ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತು. ಜಿಲ್ಲಾ ಕೇಂದ್ರದ ಸಭಾಂಗಣ, ಬ್ಯಾನರು, ಬಿಸ್ಕತ್ತು ಚಹಾ, ಮಧ್ಯಾಹ್ನ ಊಟ, ಟಿಎ ಡಿಎ. ಇಲ್ಲಿ ಹಳ್ಳಿಯವರನ್ನು ಸಭೆಗೆ ಕರೆಯುವ ಬದಲು ಸಭೆಯೇ ಬಂಡಿ ಹತ್ತಿ ಹಳ್ಳಿಗೆ ಹೋಯಿತು. ಯಾವ ಬೆಳೆ ಉಳಿದಿದೆ, ಯಾವುದು ಹೋಯಿತು, ಯಾಕೆ ಹೋಯಿತು ಅಂತ ಊರಲ್ಲೇ ಕೇಳಿದರು. ಯೋಜನೆ ಬರೆದು ಮುಗಿಯಿತು. ಜಾತ್ರೆ ಮಾತ್ರ ನಿಲ್ಲಲಿಲ್ಲ.

ಬಂಡಿ ಬರುತ್ತದೆ ಅಂದರೆ ಊರಿನ ಸಂಘದವರು ಊರ ಅಗಸಿ ಬಾಗಿಲ ತನಕ ಹೋಗಿ ಎದುರುಗೊಳ್ಳುತ್ತಾರೆ. ಆರತಿ, ಕುಂಕುಮ, ಎತ್ತಿನ ಕಾಲಿಗೆ ನೀರು. ಹಾಡು ಹೇಳುತ್ತಾ ಓಣಿ ಓಣಿ ತಿರುಗಿ ಊರ ನಡುವಿನ ಬಯಲಿಗೆ ಬರುತ್ತಾರೆ. ಬುಟ್ಟಿಗಳನ್ನು ಇಳಿಸಿ ಸಾಲಾಗಿ ಇಡುತ್ತಾರೆ. ಆಗ ಮುದುಕಿಯರ ಸರದಿ. ಕಾಳು ಕೈಗೆತ್ತಿಕೊಂಡು, ಇದು ನಮ್ಮಲ್ಲಿ ಇತ್ತು, ಇದರ ಅನ್ನ ಹೀಗಿರುತ್ತಿತ್ತು, ಬಾಣಂತಿಗೆ ಇದನ್ನೇ ಕೊಡುತ್ತಿದ್ದೆವು ಅಂತ ಮಾತು ಶುರುವಾಗುತ್ತದೆ. ಚಿಕ್ಕವರು ಕೇಳುತ್ತಾರೆ. ಕೆಲವರು ಮೊಬೈಲ್ ನೋಡುತ್ತಾರೆ. ಅದೂ ಇರುವುದೇ. ಆಮೇಲೆ ಸಭೆ. ನೀನು ಎಷ್ಟು ಬೆಳೆ ಹಾಕಿದೆ ಅಂತ ಪ್ರಶ್ನೆ. ಒಬ್ಬ ಗಂಡಸು ಎದ್ದು ಕಬ್ಬು ಅಂದರೆ, ಇಪ್ಪತ್ತು ಬೆಳೆ ಹಾಕಿದವಳು ಪಕ್ಕದಲ್ಲೇ ಕೂತಿರುತ್ತಾಳೆ. ಬೀಜ ಉಳಿಸಿದ ಹಿರಿಯರಿಗೆ ಸನ್ಮಾನ. ಅಧಿಕಾರಿಗಳು ಬಂದಿದ್ದರೆ ಅವರೂ ಎರಡು ಮಾತಾಡುತ್ತಾರೆ. ಆ ಎರಡು ಮಾತು ಹೇಗಿರುತ್ತದೆ ಅಂತ ಬರೆಯಬೇಕಿಲ್ಲ.

ಊಟಕ್ಕೆ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣೆ ಅನ್ನ, ಕಾಳಿನ ಪಲ್ಯ, ಸೊಪ್ಪು. ಸೊಪ್ಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾರೂ ಬಿತ್ತದೆ ಹೊಲದಲ್ಲಿ ತಾನಾಗಿ ಬರುವ ಸೊಪ್ಪುಗಳಿವೆ. ತುಂಬೆ, ಹೊನಗೊನ್ನೆ, ಅಣ್ಣೆ, ಚೆಂಚಲಿ, ತಗಚೆ. ಕೃಷಿ ಪುಸ್ತಕದಲ್ಲಿ ಇವಕ್ಕೆ ಕಳೆ ಅಂತ ಹೆಸರು. ಈ ಸೀಮೆಯಲ್ಲಿ ಬಡವರು ತಿನ್ನುವ ಇಂಥ 80ಕ್ಕೂ ಹೆಚ್ಚು ಸೊಪ್ಪುಗಳನ್ನು ಡಿಡಿಎಸ್ ಪಟ್ಟಿ ಮಾಡಿದೆ. ಕಳೆ ಕೀಳಲು ಹೋದ ಕೂಲಿ ಹೆಂಗಸು ಸಂಜೆ ಸೆರಗಿನಲ್ಲಿ ಅದನ್ನೇ ಕಟ್ಟಿಕೊಂಡು ಬಂದು ರಾತ್ರಿಯ ಪಲ್ಯ ಮಾಡುತ್ತಾಳೆ. ಅದಕ್ಕೆ ಯಾರನ್ನೂ ಕೇಳಬೇಕಿಲ್ಲ, ದುಡ್ಡು ಕೊಡಬೇಕಿಲ್ಲ. ಹೊಲದ ಯಜಮಾನ ಕಳೆನಾಶಕ ಹೊಡೆದ ದಿನ ಅವಳ ಕೂಲಿಯೂ ಹೋಯಿತು, ಪಲ್ಯವೂ ಹೋಯಿತು. ಒಂದು ಹಿಡಿ ತುಂಬೆ ಸೊಪ್ಪಿನಲ್ಲಿ ಕೂಲಿ, ಜಾತಿ, ಆರೋಗ್ಯ ಎಲ್ಲ ಹೇಗೆ ಸುತ್ತಿಕೊಂಡಿವೆ ನೋಡಿ.

ಬೀದರ್, ಕಲಬುರಗಿ ಕಡೆಯವರಿಗೆ ಈ ತಟ್ಟೆ ಹೊಸದಲ್ಲ. ಸಂಕ್ರಾಂತಿಗೆ ಸ್ವಲ್ಪ ಮೊದಲು ಬರುವ ಎಳ್ಳಮಾವಾಸ್ಯೆಗೆ ನಾವು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ಅಂದರೆ ಮಾಡಿದ ಅಡುಗೆಯನ್ನು ಹೊಲಕ್ಕೆ ಎರಚುತ್ತೇವೆ. ಆವತ್ತಿನ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಕಡಲೆ, ಹಸಿ ತೊಗರಿ, ಅವರೆ, ಬಟಾಣಿ, ಸಿಕ್ಕಿದ ಸೊಪ್ಪು ತರಕಾರಿ ಎಲ್ಲ ಹಾಕಿ ಕುದಿಸಿ, ಹುಣಸೆ ಹುಳಿ, ಕಡಲೆ ಹಿಟ್ಟು ಸೇರಿಸಿದ್ದು. ಜೊತೆಗೆ ಸಜ್ಜೆ ರೊಟ್ಟಿ, ಅಂಬಲಿ. ಮಿಶ್ರಬೆಳೆಯ ಹೊಲವನ್ನೇ ಬೋಗುಣಿಗೆ ಬಗ್ಗಿಸಿದ ಹಾಗೆ. ಈಗ ಹೊಲದಲ್ಲಿ ಬರೀ ಸೋಯಾ ಇರುತ್ತದೆ, ಅಥವಾ ಕಬ್ಬು. ಭಜ್ಜಿಗೆ ಬೇಕಾದ ಕಾಳು ಸಂತೆಯಿಂದ ತಂದು, ಹೊಲಕ್ಕೆ ಒಯ್ದು, ಉಂಡು ಬರುವವರು ಎಷ್ಟು ಜನ! ನಾನೂ ಅವರಲ್ಲಿ ಒಬ್ಬ.

ಸಂಘದ ಶಾಟ್

ಸತೀಶರ ಟಿವಿ ಅನುಭವ ಕೆಲಸಕ್ಕೆ ಬಂತು ಅಂದೆನಲ್ಲ. ಡಿಡಿಎಸ್ ಸಂಘದ ಹೆಂಗಸರ ಕೈಗೆ ವಿಡಿಯೋ ಕ್ಯಾಮೆರಾ ಕೊಟ್ಟಿತು. ಹಲವರಿಗೆ ಓದು ಬರಹ ಇರಲಿಲ್ಲ. ಕಲಿಯುವಾಗ ಶಾಟ್‌ಗಳಿಗೆ ಅವರೇ ಹೆಸರಿಟ್ಟರು. ಮೇಲಿನಿಂದ ಕೆಳಕ್ಕೆ ನೋಡುವ ಶಾಟ್ ಪಟೇಲ ಶಾಟ್. ಪಟೇಲರು ಮೇಲೆ ಕೂತು ನಮ್ಮನ್ನು ನೋಡುವುದು ಹಾಗೆ. ಕೆಳಗಿನಿಂದ ಮೇಲಕ್ಕೆ ನೋಡುವುದು ಗುಲಾಮರ ಶಾಟ್. ನಾವು ಅವರನ್ನು ನೋಡುವುದು ಹಾಗೆ. ಕಣ್ಣಿಗೆ ಕಣ್ಣು ಸಮವಾಗಿ ಇರುವುದು ಸಂಘಂ ಶಾಟ್. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಸಮ ಕೂರುತ್ತಾರಲ್ಲ, ಹಾಗೆ. ಸಿನಿಮಾ ಶಾಲೆಗಳಲ್ಲಿ ವರ್ಷಗಟ್ಟಲೆ ಪಾಠ ಮಾಡಿದರೂ ಇಷ್ಟು ಚೆನ್ನಾಗಿ ಹೇಳಲಿಕ್ಕಿಲ್ಲ.

ರೇಡಿಯೋದ ಕಥೆ ಇನ್ನೊಂದು. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಅದಾದ ಕೆಲವೇ ವರ್ಷಕ್ಕೆ ಮಾಚನೂರಿನಲ್ಲಿ ಸ್ಟುಡಿಯೋ ಎದ್ದಿತು. ಪರವಾನಗಿ ಇಲ್ಲ. ಹೆಂಗಸರು ಕಾರ್ಯಕ್ರಮ ಮುದ್ರಿಸಿ, ಕ್ಯಾಸೆಟ್ ಸಂಘದ ಸಭೆಗಳಿಗೆ ಒಯ್ದು ಕೇಳಿಸುತ್ತಿದ್ದರು. ಸರ್ಕಾರೇತರ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು 2006ರಲ್ಲಿ ಬಾಗಿಲು ತೆರೆಯಿತು. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ 90.4 ಮೆಗಾಹರ್ಟ್ಸ್‌ನಲ್ಲಿ ಶುರುವಾಯಿತು. ನಡೆಸಿದವರು ಜನರಲ್ ನರಸಮ್ಮ, ಅಲ್ಗೋಲು ನರಸಮ್ಮ ಅನ್ನುವ ದಲಿತ ಹೆಣ್ಣುಮಕ್ಕಳು. ಅಡುಗೆ, ಬೀಜ, ಹಾಡು, ದನದ ಕಾಯಿಲೆ, ಎಲ್ಲವೂ ಅವರ ಮಾತಿನ ತೆಲುಗಿನಲ್ಲೇ. ಪೇಟೆಯ ತೆಲುಗು ಅಲ್ಲ.

ಪರಂಪರೆ ಅನ್ನುವ ಮಾತಿನಲ್ಲಿ ಭಾಷೆಯೂ ಬರುತ್ತದೆ ಅಂತ ಇದಕ್ಕೇ ಹೇಳುವುದು. ಜಾತ್ರೆಯಲ್ಲಿ ಬೀಜದ ಜೊತೆ ಬರುವ ಹಾಡುಗಳು ಬಿತ್ತುವಾಗ, ಬೀಸುವಾಗ ಹುಟ್ಟಿದವು. ಬೀಸುವ ಕಲ್ಲು ಹೋದ ಮನೆಯಲ್ಲಿ ಬೀಸುವ ಪದ ಉಳಿಯೋದಿಲ್ಲ.

ಹಾಗಂತ ಬೀಸುವುದನ್ನು, ಕುಟ್ಟುವುದನ್ನು ಹಾಡಿ ಹೊಗಳುವುದರಲ್ಲೂ ಒಂದು ಮೋಸ ಇದೆ. ಜೋಳ, ಸಜ್ಜೆ, ರಾಗಿ ಪರವಾಗಿಲ್ಲ. ಬಡಿದು ತೂರಿದರೆ ಹಿಟ್ಟಿಗೆ ಸಿದ್ಧ. ನವಣೆ, ಸಾಮೆ, ಹಾರಕಕ್ಕೆ ಮೇಲೆ ಗಟ್ಟಿ ಹೊಟ್ಟು. ಅದನ್ನು ಒರಳಲ್ಲಿ ಕುಟ್ಟಿ, ಕೇರಿ, ಮತ್ತೆ ಕುಟ್ಟಬೇಕು. ಮನೆಗೆಲ್ಲ ಆಗುವಷ್ಟು ಸಾಮೆ ಅಕ್ಕಿ ಮಾಡುವ ಹೊತ್ತಿಗೆ ರಟ್ಟೆ ಬೀಳುತ್ತದೆ. ರೇಷನ್ ಅಕ್ಕಿ ಬಂದಾಗ ಹೆಂಗಸರು ಮನಸ್ಸಿನಲ್ಲೇ ಕೈಮುಗಿದಿದ್ದರೆ ತಪ್ಪೇನು? ಸಣ್ಣ ಧಾನ್ಯ ಉಳಿಯಬೇಕಾದರೆ ಹಳ್ಳಿಯಲ್ಲೇ ಹೊಟ್ಟು ತೆಗೆಯುವ ಸಣ್ಣ ಗಿರಣಿ ಬೇಕು. ಬರೀ ಅಭಿಮಾನ ಸಾಲದು.

ಬಂಡಿಗೆ ಅಡ್ಡ ಬಂದದ್ದು

ಸಿಕ್ಕ ಗೌರವಗಳು ಚಿಕ್ಕವಲ್ಲ. 2019ರಲ್ಲಿ ಡಿಡಿಎಸ್‌ನ ಹೆಂಗಸರ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ರೇಷನ್ನಿನಲ್ಲಿ ಜೋಳ, ರಾಗಿ, ಸಜ್ಜೆಯೂ ಇರಬೇಕು ಅಂತ ಅವರು, ಅವರಂಥ ಹಲವರು ವರ್ಷಗಟ್ಟಲೆ ಹೇಳಿದ್ದು 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಜಾಗ ಪಡೆಯಿತು. ಕಿಲೋಗೆ ಒಂದು ರೂಪಾಯಿ ಅಂತ ಬೆಲೆಯೂ ನಿಗದಿಯಾಯಿತು. ಆದರೆ ಕಾಯ್ದೆಯ ಪುಟದಿಂದ ನ್ಯಾಯಬೆಲೆ ಅಂಗಡಿಯ ಚೀಲಕ್ಕೆ ಬರುವ ದಾರಿ ಉದ್ದ. ಕರ್ನಾಟಕದಲ್ಲಿ ದಕ್ಷಿಣಕ್ಕೆ ರಾಗಿ, ಉತ್ತರಕ್ಕೆ ಜೋಳ ಕೊಡುವ ಕೆಲಸ ಅಷ್ಟಿಷ್ಟು ನಡೆದಿದೆ. ಎಷ್ಟೋ ರಾಜ್ಯಗಳಲ್ಲಿ ಅಷ್ಟೂ ಇಲ್ಲ.

ಜಾತ್ರೆ ಹೋಗುವ ದಾರಿಯ ಎರಡು ಕಡೆ ಈಗ ಕಬ್ಬಿದೆ, ಹತ್ತಿ ಇದೆ, ಆಲೂಗಡ್ಡೆ ಇದೆ. ಬೋರ್‌ವೆಲ್ ಇದ್ದವರು ಅತ್ತ ಹೋದರು. ಸಂಘದ ಹೆಂಗಸರಿಗೆ ವಯಸ್ಸಾಯಿತು. ಅವರ ಮಕ್ಕಳು ಹೈದರಾಬಾದಿನಲ್ಲಿ ಕೆಲಸ ಹುಡುಕುತ್ತಾರೆ. ಅದನ್ನು ಬೇಡ ಅನ್ನುವ ಹಕ್ಕು ನಮಗ್ಯಾರಿಗೂ ಇಲ್ಲ. ಇನ್ನೊಂದು ಕಡೆ, ಝರಾಸಂಗಂ ಮತ್ತು ನ್ಯಾಲಕಲ್ ಮಂಡಲಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ 12,600 ಎಕರೆಗೂ ಹೆಚ್ಚು ಭೂಮಿ ಗುರುತಾಗಿದೆ. ಮಾಚನೂರು ಇರುವುದು ಝರಾಸಂಗಂ ಮಂಡಲದಲ್ಲೇ. ಭೂಮಿ ಕೊಡೋದಿಲ್ಲ ಅಂತ ನಿಂತವರಲ್ಲಿ ಹೊಲ ಹಸನು ಮಾಡಿದ ಸಣ್ಣ ಹಿಡುವಳಿಯವರೂ ಇದ್ದಾರೆ. ಸರ್ಕಾರ ಹಂಚಿದ ಭೂಮಿಯನ್ನು ಸರ್ಕಾರವೇ ವಾಪಸ್ ಕೇಳುವುದು ಸುಲಭ. ಅದನ್ನು ಬೆಳೆಯುವ ನೆಲ ಮಾಡಲು ಹಿಡಿದ ಮೂವತ್ತು ವರ್ಷಕ್ಕೆ ಪರಿಹಾರದ ಪಟ್ಟಿಯಲ್ಲಿ ಕಾಲಂ ಇರೋದಿಲ್ಲ. ಜಾತ್ರೆಗೆ ಈ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಇದೆಯಾ? ನನಗೆ ಹಾಗನ್ನಿಸೋದಿಲ್ಲ. ಬೀಜದ ಬುಟ್ಟಿ ಹಿಡಿದು ಕೈಗಾರಿಕಾ ವಲಯವನ್ನು ನಿಲ್ಲಿಸಲಿಕ್ಕೆ ಆಗದು.

ಇನ್ನೊಂದು ವಿಪರ್ಯಾಸ ನಮ್ಮದೇ ಪೇಟೆಯದು. ಬಡವರ ಕಾಳು ಸಿರಿಧಾನ್ಯವಾಯಿತು. ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಳ ನಡೆದವು. ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವ ರೈತ ಸಿರಿ ಯೋಜನೆ ಬಂತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಅದೇ ವರ್ಷ ಮಾರ್ಚ್ 19ರಂದು ಸತೀಶ್ ಹೈದರಾಬಾದಿನಲ್ಲಿ ತೀರಿಕೊಂಡರು. ಸಿರಿಧಾನ್ಯಕ್ಕೆ ಬೆಲೆ ಬಂದದ್ದು ಒಳ್ಳೆಯದೇ. ಆದರೆ ಅಂಗಡಿಯ ಪ್ಯಾಕೆಟ್ ತಿರುಗಿಸಿ ನೋಡಿ. ಸಕ್ಕರೆ ಕಾಯಿಲೆಗೆ ಒಳ್ಳೆಯದು, ನಾರಿನಂಶ ಇಷ್ಟು ಅಂತ ಇರುತ್ತದೆ. ಇದನ್ನು ಉಳಿಸಿಕೊಟ್ಟ ಕೇರಿಯ ಮಾತು ಎಲ್ಲೂ ಇರೋದಿಲ್ಲ.

ಯಾರ ಊಟ ಪರಂಪರೆ, ಯಾರದ್ದು ಅಲ್ಲ ಅನ್ನುವ ಜಗಳ ನಮ್ಮಲ್ಲೂ ಇದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಗಳಲ್ಲಿ ನಿಷೇಧಿಸಿದ ವಸ್ತುಗಳ ಸಾಲಿನಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವೂ ಇತ್ತು. ಬಾಡೂಟ ಬೇಕು ಅಂತ ಮಂಡ್ಯದವರು ಎದ್ದರು. ಅವರು ಕೇಳಿದ್ದು ಬರೀ ಒಂದು ತುಂಡು ಬಾಡು ಅಂತ ನಕ್ಕವರು ಬಹಳ. ನಮ್ಮ ಅಡುಗೆಮನೆಯನ್ನು ತಂಬಾಕಿನ ಪಕ್ಕ ಯಾಕೆ ಕೂರಿಸಿದಿರಿ ಅನ್ನುವುದು ಅವರ ಪ್ರಶ್ನೆ. ಪಟೇಲ ಶಾಟ್, ಸಂಘಂ ಶಾಟ್ ನೆನಪಾಗುವುದು ಇಂಥ ಕಡೆಯೇ.

ಮಾಚನೂರಿನಲ್ಲಿ ಕೊನೆಯ ದಿನ ಎಲ್ಲ ಹಳ್ಳಿಯವರೂ ಸೇರುತ್ತಾರೆ. ಅಲ್ಲಿ ಡಿಡಿಎಸ್ ನಡೆಸುತ್ತಾ ಬಂದ ಪಚ್ಚಸಾಲೆ ಇದೆ, ಅಂದರೆ ಹಸಿರು ಶಾಲೆ. ದೊಡ್ಡ ಊಟ, ಭಾಷಣ, ಕೋಲಾಟ. ಸಂಜೆಗೆ ಎಲ್ಲರಿಗೂ ಮನೆಗೆ ಹೋಗುವ ಅವಸರ. ಹಿಂಗಾರಿ ಜೋಳ ಕೊಯ್ಲಿಗೆ ಬಂದಿರುತ್ತದೆ, ಹಕ್ಕಿ ಕಾಯಬೇಕು. ಬಂಡಿಯಿಂದ ಇಳಿದ ಬುಟ್ಟಿಗಳನ್ನು ಮನೆಗೆ ಒಯ್ದು, ಕಾಳನ್ನು ಮತ್ತೊಮ್ಮೆ ಬಿಸಿಲಿಗೆ ಹಾಕಿ, ಬೂದಿ ಬೆರೆಸಿ ತುಂಬುತ್ತಾರೆ. ಬಾಯಿಗೆ ಸಗಣಿ ಮೆತ್ತುತ್ತಾರೆ. ಅದನ್ನು ಒಡೆಯುವುದು ಮೃಗಶಿರಾ ಮಳೆ ಬಿದ್ದ ಮೇಲೆ.